ಬೆಣ್ಣೆ ಕೋಣೆಯ ಹೊಸ್ತಿಲು

ಬೆಣ್ಣೆ ಕೋಣೆಯ ಬಾಗಿಲಿಗೆ ಮೋಟಾರು ಕೂಡಿಸುವುದು ಆಗದ ಕೆಲಸ ಎಂದವರು ಇಬ್ಬರು. ಒಬ್ಬರು ನಮ್ಮ ಡೇರಿಯ ಮುಖ್ಯ ಇಂಜಿನಿಯರ್ ಶಿಂದೆ ಸಾಹೇಬರು. ನಿಪ್ಪಾಣಿಯವರು, ಸಿಟ್ಟು ಬಂದರೆ ಮರಾಠಿ, ಸಮಾಧಾನದಲ್ಲಿದ್ದರೆ ಕನ್ನಡ. ನಾನು ಬರೆದುಕೊಟ್ಟ ಕಾಗದವನ್ನು ಅರ್ಧ ಓದಿ ಮೇಜಿನ ಮೇಲಿಟ್ಟು, "ಹೋಣಾರ ನಾಹಿ ಬಾಬಾ, ಆಗೂದಲ್ಲ ಇದು. ಅಂಥಾ ಥಂಡಿಯೊಳಗ ಮನಷ್ಯಾನ ಬೆರಳ ಮಡಚಂಗಿಲ್ಲ, ನಿನ್ನ ಮೋಟಾರ ತಿರಗತೈತೇನು?" ಎಂದರು. ಇನ್ನೊಬ್ಬಳು ನನ್ನ ಸ್ವಂತ ಅಕ್ಕ ಬಾಳವ್ವ. ಅದೇ ಕೋಣೆಯಲ್ಲಿ ಬೆಣ್ಣೆಯ ಪೆಟ್ಟಿಗೆ ಹೊರುತ್ತಿದ್ದವಳು. ಅವಳ ಮಾತು ಇನ್ನೂ ಚಿಕ್ಕದು. "ತಾನ ತಗ್ಯೂ ಬಾಗಲಾ ತಾನ ಮುಚ್ಚತೈತಿ. ನಾ ಅದರ ಹಿಂದ ಹೋಗಂಗಿಲ್ಲ."

ನಿವೃತ್ತನಾಗಿ ನಾಲ್ಕು ವರ್ಷವಾಯಿತು. ಕಾಲು ಇನ್ನೂ ಒಂದು ಕಡೆ ನಿಲ್ಲುವುದಿಲ್ಲ. ಚಿಕ್ಕೋಡಿಯ ಬ್ಯಾಂಕಿನ ಶಟರು ಏಳುವಾಗ ಕಿರ್ರೆಂದರೆ ಪಾಳಿ ಬಿಟ್ಟು ಹೋಗಿ ಅದರ ಹಳಿ ಮುಟ್ಟಿ ನೋಡುತ್ತೇನೆ. ಕಾವಲುಗಾರ ಬೈಯುತ್ತಾನೆ. ಮನೆಯಲ್ಲಿ ಫ್ರಿಜ್ಜಿನ ಬಾಗಿಲು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ನೋಡುತ್ತೇನೆ. ಹೆಂಡತಿ ಬೈಯುತ್ತಾಳೆ.

ಕಳೆದ ತಿಂಗಳು ರೂಪಾ ಫೋನ್ ಮಾಡಿದಳು. ರಾಯಬಾಗದ ಹುಡುಗಿ, ನನ್ನ ಕೊನೆಯ ವರ್ಷಗಳಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತವಳು. ಈಗ ಬಾಗಿಲಿನ ಮೋಟಾರು ಕೂಡಿಸುವ ಕಂಪನಿಯೊಂದರ ಕೆಲಸದ ಮೇಲೆ ಹಿಮಾಚಲದ ಕಡೆ ಇದ್ದಾಳೆ. "ಸರ್, ಇಲ್ಲಿ ಮನೀ ಮುಂದ ಮೊಳಕಾಲ ತನಾ ಹಿಮಾ ಬಿದ್ದಿರತೈತ್ರಿ. ಕಾರ್ ಶೆಡ್ಡಿನ ಬಾಗಲಕ್ಕ ಯಾವ ಮೋಟಾರ ಆರಸಲ್ರಿ? ಕಂಪನಿ ಪುಸ್ತಕದಾಗ ನೋಡಿದ್ರ ಎಲ್ಲಾವೂ ಚಲೋನ ಅದಾವು" ಎಂದಳು.

ನಾನು ಹಿಮ ನೋಡಿದವನಲ್ಲ. ಆದರೆ ಒಂದು ಮಗ್ಗುಲಿಗೆ ನಮ್ಮ ಡೇರಿ ಇರುವ ಅಂಕಲಿಯ ಬಿಸಿಲು, ಇನ್ನೊಂದು ಮಗ್ಗುಲಿಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ ಥಂಡಿ, ನಡುವೆ ಗೇಣು ದಪ್ಪದ ಒಂದು ಬಾಗಿಲು: ಇದರ ಜೊತೆ ಗುದ್ದಾಡಿದ್ದೇನೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ರೂಪಾಳಿಗೂ ಅವಳಂಥ ಹೊಸಬರಿಗೂ ಬರೆದೇ ಹೇಳುತ್ತೇನೆ.

ಮೊದಲು ನನ್ನ ವಿಷಯ. ನಮ್ಮದು ಕೃಷ್ಣೆಯ ದಂಡೆಯ ಜುಗೂಳ. ಕುರಿ ಸಾಕುವ ಮನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅಥಣಿಯಲ್ಲಿ ಬಿ.ಎಸ್ಸಿ., ಭೌತಶಾಸ್ತ್ರ. ಎರಡನೆಯ ವರ್ಷ ನಪಾಸಾದೆ, ಮತ್ತೆ ಕಟ್ಟಿದೆ, ಪಾಸಾದೆ. ಅಷ್ಟೂ ವರ್ಷ ನನ್ನ ಪಾಲಿನ ಕುರಿಗಳನ್ನು ಅಕ್ಕ ಕಾದಳು. ಅವಳನ್ನು ಅಂಕಲಿಗೆ ಕೊಟ್ಟ ಮೇಲೆ ಅವಳು ಡೇರಿಗೆ ಹೋದಳು, ಆಮೇಲೆ ನಾನೂ ಅದೇ ಡೇರಿಗೆ ಬಂದೆ. ಅವಳು ಪೆಟ್ಟಿಗೆ ಹೊರಲು, ನಾನು ಯಂತ್ರ ನೋಡಿಕೊಳ್ಳಲು. ಅಲ್ಲಿ ನನ್ನ ಹೆಸರು ಹಿಡಿದು ಕರೆದವರು ಕಡಿಮೆ. "ಏ ಬಿಎಸ್ಸಿ, ಟ್ಯೂಬಲೈಟ ಮಿಣಮಿಣ ಅನ್ನಾಕತ್ತೇತಿ, ನಿನ್ನ ಪುಸ್ತಕಾ ತಗೊಂಡ ಬಾ" ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿರಲಿಲ್ಲ. ಒಳಗೊಳಗೇ ಖುಷಿಯಾಗುತ್ತಿತ್ತು.

ಬೆಣ್ಣೆ ಕೋಣೆಯ ಬಾಗಿಲು ಮೇಲಿನ ಹಳಿಗೆ ತೂಗುಬಿಟ್ಟದ್ದು, ಪಕ್ಕಕ್ಕೆ ಸರಿಯುವಂಥದ್ದು. ಅಂಚಿನ ಸುತ್ತ ಥಂಡಿ ಸೋರದಂತೆ ರಬ್ಬರಿನ ಪಟ್ಟಿ. ಎಷ್ಟು ಭಾರವೆಂದರೆ ಇಬ್ಬರು ಹೆಣ್ಣುಮಕ್ಕಳು ಗೋಡೆಗೆ ಕಾಲು ಕೊಟ್ಟು ಎಳೆಯಬೇಕು. ಎಳೆದೂ ಎಳೆದೂ ಅಕ್ಕನ ಬಲಭುಜ ಇಳಿದುಹೋಗಿತ್ತು. ಒಳಗಿನಿಂದ ತೆರೆಯುವ ಹಿಡಿಕೆ ಎಂದೋ ಮುರಿದಿತ್ತು. ಆದ್ದರಿಂದ ಒಳಗೆ ಹೋಗುವಾಗ ಜಾಲಿಕಟ್ಟಿಗೆಯ ಒಂದು ತುಂಡನ್ನು ಸಂದಿನಲ್ಲಿಟ್ಟು ಹೋಗುತ್ತಿದ್ದರು. ಬಾಗಿಲು ಪೂರ್ತಿ ಮುಚ್ಚಿಕೊಳ್ಳಬಾರದಲ್ಲ.

ಒಂದು ಮಳೆಗಾಲ ಆ ತುಂಡು ಜಾರಿತು. ಒಳಗೆ ಕಲ್ಲವ್ವ ಎಂಬ ಹೆಣ್ಣುಮಗಳು ಒಬ್ಬಳೇ ಇದ್ದಳು. ಅವಳು ಬಾಗಿಲು ಬಡಿದದ್ದು ಕಂಪ್ರೆಸರಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ನೀರು ಕುಡಿಯಲು ಹೋಗಿದ್ದ ಅಕ್ಕ ಮರಳಿ ಬಂದು ನೋಡಿದರೆ ಬಾಗಿಲು ಗಟ್ಟಿಯಾಗಿ ಕೂತಿದೆ. ಹೊರಗೆ ತಂದಾಗ ಕಲ್ಲವ್ವನ ಬೆರಳುಗಳು ಬಿಳಿಚಿಕೊಂಡಿದ್ದವು, ಚಹಾದ ಕಪ್ಪು-ಬಸಿ ಹಿಡಿಯಲು ಬರಲಿಲ್ಲ. ಬದುಕಿದಳು, ಕೆಲಸಕ್ಕೂ ಬಂದಳು, ಒಳಗೆ ಮಾತ್ರ ಕಾಲಿಡಲಿಲ್ಲ.

ಆ ಕೋಣೆಯಲ್ಲಿ ದುಡಿಯುತ್ತಿದ್ದ ಎಂಟೂ ಹೆಣ್ಣುಮಕ್ಕಳು ಶಿಂದೆ ಸಾಹೇಬರ ಮುಂದೆ ಹೋಗಿ ನಿಂತರು. ಮಾತಾಡಿದವಳು ಅಕ್ಕ. "ಒಳಗಿಂದ ತಗ್ಯಾಕ ಬರೂ ಬಾಗಲಾ ಕೊಡ್ರಿ. ಇಲ್ಲಂದ್ರ ಬಾಗಲಾನ ಕಿತ್ತ ಒಗೀರಿ." ಮೇಲಿನವರ ಮಾತು ಬೇರೆ: ಬಾಗಿಲು ಸರಿಹೋಗದಿದ್ದರೆ ಬೆಣ್ಣೆ ಕೋಣೆಯನ್ನೇ ಮುಚ್ಚಿ ಬೆಣ್ಣೆಯನ್ನು ಬೇರೆ ಊರಿಗೆ ಕಳಿಸುವುದು. ಅಂದರೆ ಎಂಟು ಮಂದಿಯ ಕೆಲಸ ಹೋಯಿತು. ಒಳಗಿದ್ದವಳು ತನ್ನ ಕೈಯಾರೆ ಹೊರಗೆ ಬರಬೇಕು, ಅದೂ ಕರೆಂಟು ಇಲ್ಲದಾಗಲೂ. ನನ್ನ ಮುಂದಿದ್ದ ಕೆಲಸ ಅಷ್ಟೇ. ಅಷ್ಟೇ ಎಂದು ನಾನು ತಿಳಿದಿದ್ದೆ.

ಹದಿನೈದು ದಿನ ಸಾಹೇಬರ ಹಿಂದೆ ಬಿದ್ದೆ. ಕೊನೆಗೆ, "ಕರ ಬಾಬಾ, ಮಾಡು. ಸುಟ್ಟರ ನಿನ್ನ ಹೆಸರು" ಎಂದರು.

ಸುಟ್ಟಿತು. ಅಗ್ಗದ್ದೂ ಅಲ್ಲ, ತುಟ್ಟಿಯದೂ ಅಲ್ಲ ಎಂದು ನೋಡಿ, ಚೈನಿನ ಮೋಟಾರು ತಂದು ಕೋಣೆಯ ಒಳಗೋಡೆಗೆ ಕೂಡಿಸಿದ್ದೆ. ಮೂರನೆಯ ದಿನ ಗುಂಯ್ ಎಂದಿತು, ತಿರುಗಲಿಲ್ಲ, ಹೊಗೆ ಬಂತು. ಬಿಚ್ಚಿ ನೋಡಿದರೆ ಗೇರಿನೊಳಗಿನ ಗ್ರೀಸು ಬೆಲ್ಲದ ಅಚ್ಚಿನ ಹಾಗೆ ಬಿಗಿದುಕೊಂಡಿದೆ. ಶಿಂದೆ ಸಾಹೇಬರು ಆ ಸುಟ್ಟ ಮೋಟಾರನ್ನು ತಮ್ಮ ಮೇಜಿನ ಕಾಗದಗಳ ಮೇಲೆ ಭಾರಕ್ಕೆ ಇಟ್ಟುಕೊಂಡರು. ಬಂದವರಿಗೆಲ್ಲ, "ಇದು ನಮ್ಮ ಬಿಎಸ್ಸಿದು" ಎಂದು ತೋರಿಸುತ್ತಿದ್ದರು.

ರೂಪಾ, ಇಲ್ಲಿ ಒಂದು ಮಾತು. ಮೋಟಾರು ಎಷ್ಟು ಭಾರ ಎಳೆಯುತ್ತದೆ ಎಂಬುದು ಪುಸ್ತಕದ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿರುತ್ತದೆ. ಎಷ್ಟು ಥಂಡಿಯವರೆಗೆ ಎಳೆಯುತ್ತದೆ ಎಂಬುದು ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ. ಕೊನೆಯ ಪುಟದಿಂದ ಓದು. ಗ್ರೀಸು ಯಾವುದು ಎಂದು ಕೇಳು. ಬೆಲ್ಟಿನದಾದರೆ ಅದರ ರಬ್ಬರು ಥಂಡಿಗೆ ಬಿರುಸಾಗುತ್ತದೆಯೋ ಕೇಳು. ನಾನು ಎರಡನೆಯ ಸಲ ಮೋಟಾರನ್ನು ಹೊರಗೋಡೆಗೆ, ಬೆಚ್ಚಗಿನ ಮಗ್ಗುಲಿಗೆ ಕೂಡಿಸಿದೆ. ನಿನ್ನ ಶೆಡ್ಡಿಗೆ ಬೆಚ್ಚಗಿನ ಮಗ್ಗುಲೇ ಇರಲಿಕ್ಕಿಲ್ಲ.

ಎರಡನೆಯ ಮೋಟಾರನ್ನು ಬೇರೆ ಬುದ್ಧಿಯಿಂದ ಆರಿಸಿದೆ. ಮೆಲ್ಲಗೆ ಶುರುವಾಗುವುದು, ಬ್ಯಾಟರಿಯಿಂದಲೂ ನಡೆಯುವುದು, ಅಡ್ಡ ಏನಾದರೂ ಸಿಕ್ಕಿತೆಂದು ಅನಿಸಿದರೆ ತಾನೇ ನಿಲ್ಲುವುದು. ಮನುಷ್ಯರ ಕೈಕಾಲು ಸಿಕ್ಕೀತು ಎಂಬ ಎಚ್ಚರ. ಒಳಗೆ ಕೆಂಪು ಹಿಡಿಕೆಯೊಂದನ್ನು ಇಟ್ಟೆ. ಅದನ್ನು ಎಳೆದರೆ ಮೋಟಾರು ಬಾಗಿಲನ್ನು ಬಿಟ್ಟುಬಿಡುತ್ತದೆ, ಆಮೇಲೆ ಕೈಯಿಂದ ದೂಡಬಹುದು. ಹಳಿಯ ಗಾಲಿಗಳನ್ನೂ ಬದಲಿಸಿದೆ. ಈಗ ಒಬ್ಬಳೇ ದೂಡಿದರೂ ಬಾಗಿಲು ಸರಿಯುತ್ತಿತ್ತು. ದಾರಿಗೆ ಅಡ್ಡ ಯಾರಿದ್ದಾರೆಂದು ನೋಡುವ ಎರಡು ಬೆಳಕಿನ ಕಣ್ಣುಗಳನ್ನೂ ಹಚ್ಚಿದೆ. ಮಳೆಗಾಲದ ಗಾಳಿ ತಾಕಿದ್ದೇ ಆ ಕಣ್ಣುಗಳ ಮೇಲೆ ಮಂಜು ಕೂತು ಬಾಗಿಲು ಮುಚ್ಚುವುದನ್ನೇ ಬಿಟ್ಟಿತು. ಅಕ್ಕ ಹೋಗುವಾಗೊಮ್ಮೆ ಬರುವಾಗೊಮ್ಮೆ ಸೆರಗಿನಿಂದ ಒರೆಸುತ್ತ, "ನಿನ್ನ ಬಾಗಲಕ್ಕ ಕಣ್ಣ ಬ್ಯಾರೆ ಬಂದಾವು, ಕಾಡಗಿ ಹಚ್ಚಲೇನು?" ಎಂದು ನಗಾಡಿದಳು. ಕಣ್ಣುಗಳನ್ನು ಬಾಗಿಲಿನಿಂದ ದೂರ ಸರಿಸಿ ತಗಡಿನ ಟೊಪ್ಪಿಗೆ ಹಾಕಿದೆ. ಅದು ನೀಗಿತು.

ನೀಗದೆ ಉಳಿದದ್ದು ಒಂದೇ. ಬಾಗಿಲು ತಿಂಗಳಿಡೀ ಚೆಂದವಾಗಿ ನಡೆಯುತ್ತಿತ್ತು. ಆಮೇಲೆ ಒಂದು ದಿನ ಬೆಳಿಗ್ಗೆ ಇದ್ದಕ್ಕಿದ್ದಂತೆ ಹಿಡಿದುಕೊಳ್ಳುತ್ತಿತ್ತು. ಗುಂಡಿ ಒತ್ತಿದರೆ ಮೋಟಾರು ಒಂದು ಕ್ಷಣ ತುಯ್ದು ನಿಂತುಬಿಡುವುದು. ಹೆಣ್ಣುಮಕ್ಕಳು ಹೇಳಿಕಳಿಸುವರು. ನಾನು ಚೀಲ ಹಿಡಿದು ಓಡಿಬರುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ನಡೆಯುತ್ತಿರುವುದು! ಕಾಣದ ರೋಗಕ್ಕೆ ಏನು ಮದ್ದು ಕೊಡುವುದು? ವಾಯರು ಬದಲಿಸಿದೆ. ಬ್ಯಾಟರಿ ಬದಲಿಸಿದೆ. ಕಂಪನಿಯವರಿಗೆ ಮೂರು ಪತ್ರ ಬರೆದೆ. ಊಟಕ್ಕೆ ಕುಳಿತಲ್ಲಿಂದ ಎದ್ದು ಹೋಗಿ ಗುಂಡಿ ಒತ್ತಿ ನೋಡಿ ಬರುತ್ತಿದ್ದೆ. ಬಸ್ಸಿನಲ್ಲಿ ಕುಳಿತರೆ ಬಸ್ಸಿನ ಬಾಗಿಲಿನ ಸದ್ದಿಗೆ ಮೈ ಜುಂ ಎನ್ನುತ್ತಿತ್ತು. ಶಿಂದೆ ಸಾಹೇಬರು, "ದೊಡ್ಡ ಮೋಟಾರ ಹಾಕಲೇ, ಜಗ್ಗಿ ಒಗೀಲಿ" ಎಂದರು. ನಾನು ಮೋಟಾರು ಬದಲಿಸಲಿಲ್ಲ, ಅದು ಎಷ್ಟು ಬಲ ಹಾಕಬೇಕೆಂಬ ತಿರುಪನ್ನು ಏರಿಸಿದೆ. ಮುಂದಿನ ಸಲ ಬಾಗಿಲು ತೆರೆಯಿತು, ಕೆಳಗಿನ ರಬ್ಬರು ಪಟ್ಟಿ ಹರಿದು ನೆಲಕ್ಕೇ ಉಳಿಯಿತು. ಅದನ್ನು ನೋಡಿಯೂ ನನಗೆ ಹೊಳೆಯಲಿಲ್ಲ. ರಬ್ಬರು ಕಳಪೆ ಎಂದು ನಾಲ್ಕನೆಯ ಪತ್ರ ಬರೆದೆ, ಹೊಸ ಪಟ್ಟಿ ತರಿಸಿದೆ, ತಿರುಪನ್ನು ಇಳಿಸಿದೆ.

ಹೀಗಿರುವಾಗ ತಪಾಸಣೆಯ ದಿನ ಬಂತು. ಬಾಗಿಲು ಸುರಕ್ಷಿತ ಎಂದು ಅಧಿಕಾರಿ ಪ್ರಮಾಣಪತ್ರ ಕೊಟ್ಟರೆ ಮಾತ್ರ ಕೋಣೆ ಉಳಿಯುತ್ತದೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಬಂದವರು ಹೆಣ್ಣುಮಗಳು, ಕಡಿಮೆ ಮಾತಿನವರು. ಎಲ್ಲ ನೋಡಿ, "ಈಗ ಕರೆಂಟು ತೆಗೆಯಿರಿ. ಬ್ಯಾಟರಿಯನ್ನೂ ತೆಗೆಯಿರಿ. ಒಬ್ಬರು ಒಳಗೆ ಹೋಗಿ ಹಿಡಿಕೆ ಎಳೆದು ಹೊರಗೆ ಬರಲಿ" ಎಂದರು. ಕಲ್ಲವ್ವ ಎರಡು ಹೆಜ್ಜೆ ಹಿಂದೆ ಸರಿದಳು.

ಅಕ್ಕ ನನ್ನ ಕಡೆ ಕೈ ತೋರಿಸಿದಳು. "ಆರಿಸಿ ತಂದಾಂವ ಹೋಗ್ಲಿ ಮೇಡಮ್ಮಾರ. ಆಂವ ಬಂದ್ರ ನಾವೂ ಹೊಕ್ಕೀವಿ."

ನಾನು ಹೋದೆ. ಹಿಂದೆ ಬಾಗಿಲು ಸರಿದು ಕೂತಿತು. ಕರೆಂಟು ಹೋಯಿತು, ದೀಪ ಹೋಯಿತು, ಕಂಪ್ರೆಸರು ನಿಂತಿತು. ಅಷ್ಟು ವರ್ಷ ಆ ಡೇರಿಯಲ್ಲಿದ್ದೂ ಮುಚ್ಚಿದ ಬಾಗಿಲಿನ ಹಿಂದೆ ನಾನು ನಿಂತದ್ದು ಅದೇ ಮೊದಲು. ಯಾವಾಗಲೂ ಗುಂಡಿ ಇರುವ ಮಗ್ಗುಲಿನವನು ನಾನು. ತಡವರಿಸಿ ಕೆಂಪು ಹಿಡಿಕೆ ಎಳೆದೆ. ಟಕ್ ಎಂದಿತು. ಮೋಟಾರು ಬಿಟ್ಟಿತು, ಸರಿ. ಬಾಗಿಲು ದೂಡಿದೆ. ಬರಲಿಲ್ಲ. ಭುಜ ಕೊಟ್ಟೆ. ಬರಲಿಲ್ಲ. ಗಾಲಿ ಸರಿ ಇವೆ, ಹಳಿ ಸರಿ ಇದೆ, ಮೋಟಾರು ಬಿಟ್ಟಿದೆ, ಮತ್ತೇಕೆ? ಉಸಿರು ಮೂಗಿನಲ್ಲೇ ಚುಚ್ಚತೊಡಗಿತು. ಕೈ ಬಾಗಿಲಿಗೆ ಹತ್ತಿದ್ದು ತಿಳಿಯುವಷ್ಟರಲ್ಲಿ ಬೆರಳು ನನ್ನವಲ್ಲ ಎನಿಸಿತು. ಕಲ್ಲವ್ವ ಬಡಿದ ಹಾಗೆಯೇ ನಾನೂ ಬಡಿದೆ.

ಕಂಪ್ರೆಸರು ನಿಂತಿದ್ದರಿಂದ ಹೊರಗಿನ ಮಾತು ಸಣ್ಣಗೆ ಕೇಳುತ್ತಿತ್ತು. ಸಾಹೇಬರು ಮರಾಠಿಯಲ್ಲಿ ಕೂಗಾಡುತ್ತಿದ್ದರು. ಅವರನ್ನೂ ಮೀರಿಸಿ ಅಕ್ಕನ ದನಿ: "ಕಲ್ಲವ್ವಾ, ಚಹಾದ ಕಿಟ್ಲಿ ತಾರಬೇ! ಲಗೂನ!"

ಕೆಳಗೆ ಹೊಸ್ತಿಲಿನ ಬಳಿ ಚುರ್ ಎಂದಿತು. ಮತ್ತೊಮ್ಮೆ ದೂಡಿದೆ. ಬಾಗಿಲು ಗೇಣು ಸರಿಯಿತು, ಆಮೇಲೆ ಪೂರ್ತಿ. ಚಹಾದ ಕೆಸರಿನಲ್ಲಿ ಕಾಲಿಟ್ಟು ಹೊರಗೆ ಬಂದೆ. ಶುಂಠಿಯ ವಾಸನೆ. ಅಕ್ಕ ಖಾಲಿ ಕಿಟ್ಲಿ ಹಿಡಿದು ನಿಂತಿದ್ದಳು. ಅಧಿಕಾರಿ ಕಡತ ಮುಚ್ಚಿದರು. "ಇವತ್ತು ಸಹಿ ಆಗುವುದಿಲ್ಲ. ಇನ್ನೊಂದು ಸಲ ಬರುತ್ತೇನೆ. ಅದೇ ಕೊನೆ."

ಕ್ಯಾಂಟೀನಿನ ಕಟ್ಟೆಯ ಮೇಲೆ ಕೂತು ಅಕ್ಕನನ್ನು ಕೇಳಿದೆ. "ಹೊಸ್ತಿಲಿಗೆ ಹಿಡಿದೈತಿ ಅಂತ ನಿನಗ ಹ್ಯಾಂಗ ಗೊತ್ತಾತು?"

"ನಿನ್ನಿ ಅಮಾಸಿ ಅಲ್ಲೇನೋ. ಪೂಜಾ ಮಾಡಿದ್ವಿ. ಹೊಸ್ತಿಲಮ್ಯಾಲ ಕಾಯಿ ಒಡದ್ವಿ, ಅರಿಷಿಣ-ಕುಂಕುಮದ ನೀರ ಹಾಕಿದ್ವಿ. ರಾತ್ರಿಯೆಲ್ಲಾ ಬಾಗಲಾ ಮುಚ್ಚಿತ್ತು. ಬೆಳತನಕ ಅದು ಹೆಪ್ಪಗಟ್ಟಿ ಬರಪ ಆಗದ ಏನಾದೀತು?"

"ಪ್ರತಿ ಅಮಾಸಿಗೂ?"

"ಹೂಂ. ಕಲ್ಲವ್ವ ಸಿಕ್ಕೊಂಡಾಗಿಂದ ಒಂದೂ ಬಿಟ್ಟಿಲ್ಲ."

"ಮತ್ತ ನಾ ಬರೂದ್ರಾಗ ಬಾಗಲಾ ನಡೀತಿತ್ತಲ್ಲ!"

ಅಕ್ಕ ಬೇರೆ ಕಡೆ ನೋಡಿದಳು. ಕಲ್ಲವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಸಲಾಕಿಲೆ ಒಂದ ಏಟ ಹಾಕತಿದ್ವಿ" ಎಂದಳು ಅಕ್ಕ. "ನಿನ್ನ ಬಾಗಲಕ್ಕ ಏಟ ಹಾಕಿದ್ರ ನೀ ಬೈತಿದ್ದಿ. ಅದಕ್ಕ ನೀ ಬರೂದ್ರಾಗ ಕದ್ದ ಹಾಕತಿದ್ವಿ. ಇವತ್ತೂ ಮುಂಜಾನೆ ಹಾಕಿ ತಗದಿದ್ವಿ, ಕರಗಿದ ನೀರ ನೀ ಒಳಗ ಹೊಕ್ಕಮ್ಯಾಲ ಮತ್ತ ಹಿಡೀತು. ಆದ್ರ ಮೇಡಮ್ಮಾರ ಮುಂದ ಸಲಾಕಿ ಹಿಡ್ಯಾಕ ನಾಚಿಕಿ ಆತು."

"ಇಷ್ಟ ತಿಂಗಳಾ ನನಗ ಯಾಕ ಹೇಳಲಿಲ್ಲ?"

"ನೀ ಕೇಳಿದಿ? ಸಾಹೇಬರನ ಕೇಳಿದಿ, ಕಂಪನಿಯವರನ ಕೇಳಿದಿ, ಆ ವಾಯರ್ ಹಿಡಕೊಂಡ ಅದನೂ ಕೇಳಿದಿ. ನಮ್ಮನ್ನ ಕೇಳಿದಿ?"

ಕ್ಯಾಂಟೀನಿನ ಗೋಡೆಯ ಕ್ಯಾಲೆಂಡರು ಇಳಿಸಿದೆ. ಬಾಗಿಲು ಹಿಡಿದುಕೊಂಡ ದಿನಗಳನ್ನು ನನ್ನ ವಹಿಯಲ್ಲಿ ಬರೆದಿಟ್ಟಿದ್ದೆ. ಒಂದೊಂದನ್ನೇ ಹುಡುಕಿ ಗುರುತು ಹಾಕಿದೆ. ಒಂದೊಂದರ ಹಿಂದಿನ ದಿನದ ಮನೆಯಲ್ಲೂ ಅಮಾವಾಸ್ಯೆಯ ಕಪ್ಪು ಚುಕ್ಕೆ ಇತ್ತು. ಒಂದೂ ತಪ್ಪಿರಲಿಲ್ಲ.

ಸಿಹಿ ಬೆರೆತ ನೀರು ಎಷ್ಟು ಥಂಡಿಗೆ ಹೆಪ್ಪುಗಟ್ಟುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು. ನನ್ನ ಬಾಗಿಲಿನ ಕೆಳಗೆ ತಿಂಗಳಿಗೊಮ್ಮೆ ತೆಂಗಿನಕಾಯಿಯ ನೀರು ಹೆಪ್ಪುಗಟ್ಟುತ್ತಿದ್ದುದು ನನಗೆ ಗೊತ್ತಿರಲಿಲ್ಲ. ಅಮಾವಾಸ್ಯೆಯ ಸಂಜೆ ಅವರೆಲ್ಲ ಬಾಗಿಲಿನ ಮುಂದೆ ಸೇರಿದರೆ ನಾನು ಮೀಟರು ನೋಡುವ ನೆಪದಲ್ಲಿ ಪ್ಯಾನಲ್ ಕೋಣೆಗೆ ಹೋಗಿಬಿಡುತ್ತಿದ್ದೆ. ಓದಿದವನಲ್ಲವೇ, ಅದರಲ್ಲಿ ನನಗೇನು ಕೆಲಸ ಎಂಬ ಬಿಂಕ. ಹಳೆಯ ಕಾಲದಲ್ಲಿ ಜಾಲಿಕಟ್ಟಿಗೆ ಸಂದಿನಲ್ಲಿ ಇರುತ್ತಿದ್ದುದರಿಂದ ರಬ್ಬರು ನೆಲಕ್ಕೆ ಕೂಡುತ್ತಿರಲಿಲ್ಲ. ಬಾಗಿಲು ಸರಿಯಾಗಿ ಮುಚ್ಚುವಂತೆ ಮಾಡಿದವನು ನಾನು. ಅಡ್ಡ ಸಿಕ್ಕರೆ ನಿಲ್ಲುವ ಮೆತ್ತನೆಯ ಮೋಟಾರು ಆರಿಸಿದವನೂ ನಾನೇ.

ವಿಷಯ ಕೇಳಿ ಶಿಂದೆ ಸಾಹೇಬರು ಕುರ್ಚಿಯಿಂದ ಎದ್ದರು. "ಪೂಜಾ ಬಂದ್! ಇವತ್ತಿನಿಂದ ಬಂದ್!"

"ಸಾಹೇಬರ," ಅಕ್ಕ ಬಾಗಿಲಲ್ಲೇ ನಿಂತು ಹೇಳಿದಳು, "ನಿಮ್ಮ ಮೋಟರಸೈಕಲಿಗೆ ನಿಂಬಿಹಣ್ಣ ಕಟ್ಟೀರಲ್ಲ, ಮದಲ ಅದನ್ನ ಬಿಚ್ಚರಿ. ಆ ಥಂಡ್ಯಾಗ ಹೋಗವ್ರು ನಾವ. ಪೂಜಾ ಬಿಡಂಗಿಲ್ಲ."

ಸಾಹೇಬರು ನನ್ನ ಮುಖ ನೋಡಿದರು. ಹಿಂದಿನ ದಿನವಾಗಿದ್ದರೆ ನಾನೂ ಬಂದ್ ಎನ್ನುತ್ತಿದ್ದೆ. ಒಳಗೆ ನಿಂತು ಬಂದ ಮೇಲೆ ಆ ಮಾತು ಬಾಯಿಗೆ ಬರಲಿಲ್ಲ. "ಪೂಜೆ ಇರಲಿ ಸರ್, ನೀರು ಮಾತ್ರ ಬಾಗಿಲಿನ ಕೆಳಗೆ ಹೋಗಬಾರದು" ಎಂದೆ.

ಬಾಗಿಲಿನಿಂದ ಎರಡು ಮೊಳ ಹೊರಗೆ, ಮೂಲೆಯಲ್ಲಿ ಒಂದು ಕಲ್ಲು ಹಾಕಿಸುತ್ತೇನೆ, ಕಾಯಿ ಅಲ್ಲಿ ಒಡೆಯಿರಿ ಎಂದರೆ ಅಕ್ಕ ಒಪ್ಪಲಿಲ್ಲ. "ಮೂಲ್ಯಾಗಿನ ಕಲ್ಲಿಗೆ ಪೂಜಾ ಮಾಡಾಕ ನಾವೇನ ಹುಚ್ಚರ? ಹೊಸ್ತಿಲಾ ಅಂದ್ರ ದಾಟಿ ಒಳಗ ಹೋಗೂದು. ಬಾಗಲದಷ್ಟ ಅಗಲಾ ಇರಬೇಕು. ಅದನ್ನ ದಾಟದ ಯಾರೂ ಒಳಗ ಹೋಗಾಕ ಬರಬಾರದು." ಸರಿ ಎಂದೆ. ಬಾಗಿಲಿನಷ್ಟೇ ಅಗಲದ ಕರಿಕಲ್ಲು ತರಿಸಿ ಬಾಗಿಲಿನ ನೇರ ಮುಂದೆ, ಎರಡು ಮೊಳ ಹೊರಗೆ ಹಾಕಿಸಿದೆ. ಸುರಿದ ನೀರು ಬಾಗಿಲಿನ ಕಡೆ ಬರದೆ ಮೋರಿಗೆ ಹೋಗುವಂತೆ ಅದನ್ನು ಓರೆಯಾಗಿ ಕೂಡಿಸಿದೆ. ಹಳೆಯ ಹೊಸ್ತಿಲಿನ ಕೆಳಗೆ ಬೆಚ್ಚಗಿಡುವ ವಾಯರು ಎಳೆಸಿದೆ. ಕರೆಂಟು ಹೋದರೂ ತಾಸುಗಟ್ಟಲೆ ಬಿಸಿ ಉಳಿಯುವಂತೆ ಸುತ್ತ ದಪ್ಪ ಸಿಮೆಂಟು ತುಂಬಿಸಿದೆ. ಮೋಟಾರು ಮಾತ್ರ ಅದೇ. ತಪ್ಪು ಅದರದ್ದಾಗಿರಲಿಲ್ಲ.

ಅಧಿಕಾರಿ ದಿನ ಕೇಳಲು ಫೋನ್ ಮಾಡಿದಾಗ ಅಕ್ಕ ಪಕ್ಕದಲ್ಲೇ ಇದ್ದಳು. "ಅಮಾಸಿ ಮರದಿನಾ ಬರಾಕ ಹೇಳು" ಎಂದಳು. "ಆವತ್ತ ತಗದ್ರ ಯಾವತ್ತೂ ತಗೀತೈತಿ."

ಅಮಾವಾಸ್ಯೆಯ ಸಂಜೆ ಹೊಸ ಕಲ್ಲಿನ ಮೇಲೆ ಕಾಯಿ ಒಡೆದರು. ನಾನು ಕಲ್ಲಿಗೂ ಬಾಗಿಲಿಗೂ ನಡುವೆ ನೆಲಕ್ಕೆ ಮಲಗಿ ಟಾರ್ಚು ಬಿಟ್ಟು, ಒಂದು ಹನಿಯಾದರೂ ದಾಟಿ ಬರುತ್ತದೆಯೋ ಎಂದು ನೋಡುತ್ತಿದ್ದೆ. ಆರತಿ ಹಿಡಿದ ಕಲ್ಲವ್ವ ನನ್ನ ಕಾಲು ದಾಟಿಕೊಂಡು ಹೋದಳು. ಹನಿ ಬರಲಿಲ್ಲ.

ಮರುದಿನ ಅಧಿಕಾರಿ ಬಂದರು. ಅದೇ ಪರೀಕ್ಷೆ. ನಾನು ಶೂ ಬಿಗಿದುಕೊಂಡು ಮುಂದೆ ಬಂದೆ. ಅಕ್ಕ ನನ್ನ ಎದೆಗೆ ಕೈ ಅಡ್ಡ ಹಿಡಿದಳು. "ನಿನ್ನ ಪಾಳಿ ಆಗೇತಿ." ಕರಿಕಲ್ಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ದಾಟಿ ಒಳಗೆ ಹೋದಳು. ಬಾಗಿಲು ಮುಚ್ಚಿತು. ಕರೆಂಟು ತೆಗೆದರು, ಬ್ಯಾಟರಿ ತೆಗೆದರು.

ರೂಪಾ, ಅಷ್ಟು ಉದ್ದದ ಹೊತ್ತನ್ನು ನಾನು ಬೇರೆಲ್ಲೂ ಕಳೆದಿಲ್ಲ. ಕೈಯನ್ನು ಜೇಬಿಗೆ ಹಾಕಿದೆ, ತೆಗೆದೆ. ಸಾಹೇಬರು ಸುಟ್ಟ ಮೋಟಾರಿನ ಕಥೆಯನ್ನು ಅಧಿಕಾರಿಗೆ ಹೇಳಲು ಶುರುಮಾಡಿ ಅರ್ಧಕ್ಕೇ ಬಿಟ್ಟರು. ಕಲ್ಲವ್ವ ಕಿಟ್ಲಿ ತುಂಬಿ ತಂದು ನನ್ನ ಪಕ್ಕದಲ್ಲಿ ನಿಂತಿದ್ದಳು. ಮೋಟಾರು ಬಿಟ್ಟ ಟಕ್ ಎಂಬ ಸದ್ದು ಕೇಳಲಿಲ್ಲ. ಯಾಕೆ ಕೇಳಲಿಲ್ಲ? ಹಿಡಿಕೆ ಸಿಗಲಿಲ್ಲವೇ? ಇಳಿದ ಭುಜ, ಎಳೆಯಲು ಆಗಲಿಲ್ಲವೇ? "ತೆಗೀರಿ, ಹೊರಗಿನಿಂದ ತೆಗೀರಿ" ಎಂದು ನಾನು ಮುಂದೆ ಹೋಗುವಷ್ಟರಲ್ಲಿ ಟಕ್ ಎಂದಿತು. ಬಾಗಿಲು ಸರಾಗವಾಗಿ ಸರಿಯಿತು. ಅಕ್ಕ ಎಡಗೈಯಿಂದ ಬಾಗಿಲು ದೂಡುತ್ತಿದ್ದಳು. ತಲೆಯ ಮೇಲೆ ಒಂದು ಬೆಣ್ಣೆಯ ಪೆಟ್ಟಿಗೆ ಇತ್ತು.

"ಎಷ್ಟ ಹೊತ್ತೇ ಯವ್ವಾ!" ಎಂದಳು ಕಲ್ಲವ್ವ.

"ಹ್ಯಾಂಗಿದ್ರೂ ಹೋಗೀನಿ, ಬರಿಗೈಲೆ ಯಾಕ ಬರ್ಲಿ? ಕತ್ತಲಾಗ ಪೆಟ್ಟಿಗಿ ಹುಡಕಾಕ ತಡಾ ಆತು."

ಕಲ್ಲವ್ವ ಕಿಟ್ಲಿಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ಕಲ್ಲು ಮುಟ್ಟಿ, ತಾನಾಗಿಯೇ ಒಳಗೆ ಹೋದಳು.

ಅಧಿಕಾರಿ ಅಲ್ಲೇ ನಿಂತು ಪ್ರಮಾಣಪತ್ರ ತುಂಬಿದರು. ಒಳಗಿನಿಂದ ಬಾಗಿಲು ತೆರೆದವರು ಎಂಬ ಸಾಲಿನಲ್ಲಿ ಅಕ್ಕನ ಪೂರ್ತಿ ಹೆಸರು ಕೇಳಿ ಬರೆದರು. ಸಹಿ ಹಾಕಿ ಸಾಹೇಬರಿಗೆ ಕೊಟ್ಟರು. ಸಾಹೇಬರು ಓದಿ ನನಗೆ ಕೊಟ್ಟರು. ನಾನು ಅಕ್ಕನಿಗೆ ಕೊಟ್ಟೆ. ಅವಳ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದೆ. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಹಿಡಿದಳು, ಆ ಸಾಲಿನ ಮೇಲೆ ತಾನೂ ಒಮ್ಮೆ ಬೆರಳು ಆಡಿಸಿದಳು, ಮರಳಿ ನನ್ನ ಕೈಗಿಟ್ಟಳು.

"ನೀರ ಬೀಳದಲ್ಲಿ ಇಡು ಇದನ್ನ. ನಡಿ, ಇನ್ನೊಂದ ಕಾಯಿ ಒಡ್ಯೂನು. ನಿನ್ನಿ ನೀರ ನೋಡಕೋತ ನೆಲಕ್ಕ ಬಿದ್ದಿದ್ದಿ. ಇವತ್ತ ನಮ್ಮ ಜೋಡಿ ನಿಂದರು."